ಜರ್ಮನಿಯಲ್ಲಿ ಕಾರು ಓಡಿಸುವ ಕನ್ನಡಿಗರಿಗೆ: ಲೈಸೆನ್ಸಿನಿಂದ ಔಟೋಬಾನ್‌ವರೆಗೆ

ಬೆಂಗಳೂರಿನ ಬಾಷ್, ಮರ್ಸಿಡಿಸ್, ಎಸ್‌ಎಪಿ ಕಚೇರಿಗಳಿಂದ ಸ್ಟುಟ್‌ಗಾರ್ಟ್, ವಾಲ್ಡಾರ್ಫ್ ಕಡೆಗೆ ಬರುವವರು ಮೊದಲು ಬಾಡಿಗೆ ಮನೆ ವಿಚಾರಿಸುತ್ತಾರೆ, ಆಮೇಲೆ ಕಾರು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನಾ ಓಡಿಸಿದವರಿಗೆ ಜರ್ಮನಿ ಯಾವ ಲೆಕ್ಕ ಎಂಬ ಧೈರ್ಯವೂ ಜೊತೆಗಿರುತ್ತದೆ. ಕೈ ಪಳಗಿರುವುದು ನಿಜ. ಆದರೆ ಅದು ಎದುರಿನವನ ಕಣ್ಣು ನೋಡಿ, ಮೂತಿ ತೂರಿಸಿ, ಹಾರ್ನ್ ಒತ್ತಿ ಜಾಗ ಗಿಟ್ಟಿಸಿಕೊಳ್ಳುವುದರಲ್ಲಿ. ಇಲ್ಲಿ ಯಾರು ಮೊದಲು ಹೋಗಬೇಕು ಎಂಬುದನ್ನು ರಸ್ತೆಯಲ್ಲಿ ನಿಂತು ಇತ್ಯರ್ಥ ಮಾಡುವುದಿಲ್ಲ, ಕಾನೂನಿನಲ್ಲಿ ಮೊದಲೇ ಬರೆದಿಟ್ಟಿದ್ದಾರೆ. ಸರದಿ ತನ್ನದು ಎಂದು ಗೊತ್ತಿರುವ ಜರ್ಮನ್ ಚಾಲಕ ಬ್ರೇಕ್ ಮೇಲೆ ಕಾಲಿಡದೆ ಬರುತ್ತಾನೆ. ಅದು ಅವನ ಸರದಿ ಎಂದು ನಿಮಗೆ ಗೊತ್ತಿರಲಿಲ್ಲ ಎಂದಾದರೆ ಅಪಘಾತ ಖಾತ್ರಿ. ಉಳಿದದ್ದೆಲ್ಲ ಅಭ್ಯಾಸದ ಮಾತು, ಒಂದೆರಡು ತಿಂಗಳಲ್ಲಿ ಬಂದುಬಿಡುತ್ತದೆ.

ಮೊದಲ ಹೆಜ್ಜೆ: ಆರು ತಿಂಗಳ ಗಡುವು

ಜರ್ಮನಿಯಲ್ಲಿ ನೀವು ವಾಸ ಶುರುಮಾಡಿದ ದಿನದಿಂದ ಆರು ತಿಂಗಳು ಭಾರತದ ಲೈಸೆನ್ಸ್ ನಡೆಯುತ್ತದೆ. ಒಟ್ಟು ವಾಸವೇ ಹನ್ನೆರಡು ತಿಂಗಳು ಮೀರುವುದಿಲ್ಲ ಎಂದು ಕಾಗದ ತೋರಿಸಿದರೆ ಮಾತ್ರ ಈ ಗಡುವನ್ನು ವಿಸ್ತರಿಸಿಕೊಳ್ಳಬಹುದು. ಲೈಸೆನ್ಸಿನ ಜೊತೆಗೆ ಅದರ ಜರ್ಮನ್ ಅನುವಾದ ಬೇಕು. ಪ್ರಮಾಣಿತ ಅನುವಾದಕರಲ್ಲಿ ಅಥವಾ ಎಡಿಎಸಿ ಎಂಬ ವಾಹನ ಸವಾರರ ಕ್ಲಬ್ಬಿನಲ್ಲಿ ಮಾಡಿಸಬಹುದು. ಊರಿನ ಆರ್‌ಟಿಓದಲ್ಲಿ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ಟನ್ನೂ ಹೊರಡುವ ಮುಂಚೆ ಮಾಡಿಸಿಟ್ಟುಕೊಳ್ಳಿ, ಬಾಡಿಗೆ ಕಾರಿನವರು ಕೇಳುತ್ತಾರೆ. ಅದು ಲೈಸೆನ್ಸಿಗೆ ಬದಲಿಯಲ್ಲ, ಒಂದರ ಜೊತೆ ಇನ್ನೊಂದು ಇರಬೇಕು. ಮೊಬೈಲಿನಲ್ಲಿ ಡಿಜಿಲಾಕರ್ ತೆಗೆದು ತೋರಿಸಿದರೆ ಇಲ್ಲಿನ ಪೊಲೀಸರು ಒಪ್ಪುವುದಿಲ್ಲ. ಮೂಲ ಕಾರ್ಡೇ ಜೇಬಿನಲ್ಲಿರಬೇಕು.

ಆರು ತಿಂಗಳು ಮುಗಿದ ಮರುದಿನ ಸ್ಟೀರಿಂಗ್ ಹಿಡಿದರೂ ಅದು ಲೈಸೆನ್ಸ್ ಇಲ್ಲದೆ ಓಡಿಸಿದಂತೆಯೇ. ದಂಡ ಕಟ್ಟಿ ಕೈ ತೊಳೆದುಕೊಳ್ಳುವ ಸಣ್ಣ ತಪ್ಪಲ್ಲ, ಕ್ರಿಮಿನಲ್ ಅಪರಾಧ. ವೀಸಾ ವಿಸ್ತರಣೆಗೆ ಅರ್ಜಿ ಹಾಕುವ ಕಾಲಕ್ಕೆ ಇದು ತಲೆನೋವಾಗುತ್ತದೆ. ಆದ್ದರಿಂದ ಮೂರನೇ ತಿಂಗಳಿಗೇ ಜರ್ಮನ್ ಲೈಸೆನ್ಸಿನ ಕೆಲಸ ಶುರುಮಾಡಿ. ಕಚೇರಿಗಳು ನಿಧಾನ, ಪರೀಕ್ಷೆಯ ದಿನಾಂಕ ಸಿಗುವುದು ಇನ್ನೂ ನಿಧಾನ.

ಕೆಲವು ದೇಶದವರಿಗೆ ನೇರ ಅದಲುಬದಲು ಇದೆ, ಭಾರತಕ್ಕಿಲ್ಲ. ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೆಯಲೇಬೇಕು. ಒಂದು ಸಮಾಧಾನವೆಂದರೆ ಹೊಸಬರಿಗೆ ಇರುವ ಕಡ್ಡಾಯ ತರಗತಿಗಳು ನಿಮಗಿಲ್ಲ, ಭಾರತದ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಸಾಕು. ಹಾಗಾಗಿ ಊರಲ್ಲಿ ಅವಧಿ ಮುಗಿಯುತ್ತಾ ಬಂದಿದ್ದರೆ ಬರುವ ಮುಂಚೆಯೇ ನವೀಕರಿಸಿ. ಇಲ್ಲಿ ನೆಲೆಸಿದ ಮೇಲೆ ರಜೆಗೆ ಊರಿಗೆ ಹೋದಾಗ ಹೊಸದಾಗಿ ಮಾಡಿಸಿಕೊಂಡ ಲೈಸೆನ್ಸ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿಗೆ ಬೇಕಾದ್ದು: ಬಯೋಮೆಟ್ರಿಕ್ ಫೋಟೊ, ಕನ್ನಡಕದ ಅಂಗಡಿಯಲ್ಲೇ ಮಾಡಿಕೊಡುವ ಕಣ್ಣಿನ ಪರೀಕ್ಷೆಯ ಚೀಟಿ, ಮತ್ತು ಒಂದು ದಿನದ ಪ್ರಥಮ ಚಿಕಿತ್ಸೆ ಕೋರ್ಸಿನ ಪ್ರಮಾಣಪತ್ರ. ಈ ಕೋರ್ಸಿಗೆ ಬೇಸರಪಡಬೇಡಿ. ಗೊಂಬೆಯ ಎದೆ ಒತ್ತುವುದು, ಪ್ರಜ್ಞೆ ತಪ್ಪಿದವರನ್ನು ಮಗ್ಗುಲಾಗಿ ಮಲಗಿಸುವುದು, ಹೆಲ್ಮೆಟ್ ತೆಗೆಯುವ ರೀತಿ ಎಲ್ಲವನ್ನೂ ನಿಮ್ಮ ಕೈಯಲ್ಲೇ ಮಾಡಿಸುತ್ತಾರೆ. ಊರಿನಲ್ಲೂ ಲೈಸೆನ್ಸಿಗೆ ಮುಂಚೆ ಇದೊಂದನ್ನು ಕಡ್ಡಾಯ ಮಾಡಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಎನಿಸುತ್ತದೆ.

ಥಿಯರಿ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. 30 ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ತಪ್ಪಂಕ ಸೇರಿಸುತ್ತಾ ಹೋಗುತ್ತಾರೆ, 10 ದಾಟಿದರೆ ಫೇಲು. ಐದಂಕದ ಎರಡು ಪ್ರಶ್ನೆ ತಪ್ಪಿದರೆ ಹತ್ತಕ್ಕೇ ಫೇಲು. ಒಂದು ಪ್ರಶ್ನೆಗೆ ಎರಡು ಮೂರು ಸರಿಯುತ್ತರ ಇರಬಹುದು, ಅಷ್ಟನ್ನೂ ಗುರುತಿಸಬೇಕು. ಸಾಮಾನ್ಯ ಜ್ಞಾನ ನಂಬಿ ಹೋದ ಎಂಜಿನಿಯರುಗಳು ಡುಮ್ಕಿ ಹೊಡೆಯುವುದು ಇಲ್ಲಿಯೇ. ಪ್ರಶ್ನೆಗಳೆಲ್ಲ ಆ್ಯಪ್‌ಗಳಲ್ಲಿ ಸಿಗುತ್ತವೆ, ಕೂತು ಓದಿ.

ಪ್ರಾಕ್ಟಿಕಲ್ ಪರೀಕ್ಷೆ 55 ನಿಮಿಷ. ಪಕ್ಕದಲ್ಲಿ ಡ್ರೈವಿಂಗ್ ಸ್ಕೂಲಿನ ಶಿಕ್ಷಕರು, ಹಿಂದೆ ಪರೀಕ್ಷಕರು, ಸೂಚನೆಗಳು ಜರ್ಮನ್‌ನಲ್ಲಿ. ಎಡಕ್ಕೆ ಲಿಂಕ್ಸ್, ಬಲಕ್ಕೆ ರೆಖ್ಟ್ಸ್, ನೇರಕ್ಕೆ ಗೆರಾಡೆಔಸ್, ನಿಲ್ಲಿಸಿ ಎನ್ನಲು ಆನ್‌ಹಾಲ್ಟೆನ್, ಇಷ್ಟು ಬಾಯಿಗೆ ಬಂದಿರಲಿ. ನಮ್ಮವರನ್ನು ಇಲ್ಲಿ ಸೋಲಿಸುವುದು ಮುಖ್ಯವಾಗಿ ಕತ್ತು. ಲೇನ್ ಬದಲಿಸುವ ಮುಂಚೆ, ತಿರುಗುವ ಮುಂಚೆ, ನಿಂತ ಜಾಗದಿಂದ ಹೊರಡುವ ಮುಂಚೆ ಕನ್ನಡಿ ನೋಡಿದರಷ್ಟೇ ಸಾಲದು, ಕತ್ತು ತಿರುಗಿಸಿ ಹೆಗಲ ಮೇಲಿಂದ ನೋಡಬೇಕು. ಶುಲ್ಟರ್‌ಬ್ಲಿಕ್ ಎನ್ನುತ್ತಾರೆ. ಕಣ್ಣಂಚಿನಲ್ಲಿ ನೋಡಿದೆ ಸಾರ್ ಎಂದರೆ ನಡೆಯುವುದಿಲ್ಲ, ನೋಡಿದ್ದು ಹಿಂದೆ ಕೂತವರಿಗೆ ಕಾಣಬೇಕು. ಹದಿನೈದು ವರ್ಷ ಓಡಿಸಿದ ಅನುಭವವಿದ್ದರೂ ನಾಲ್ಕೈದು ಪಾಠವಾದರೂ ತೆಗೆದುಕೊಳ್ಳಿ. ದುಡ್ಡು ಖರ್ಚಾಗುತ್ತದೆ, ಆದರೆ ಫೇಲಾಗಿ ಮತ್ತೆ ಶುಲ್ಕ ಕಟ್ಟುವುದಕ್ಕಿಂತ ಅಗ್ಗ. ಪಾಸಾದಾಗ ಭಾರತದ ಲೈಸೆನ್ಸನ್ನು ತೆಗೆದುಕೊಂಡು ಜರ್ಮನ್ ಕಾರ್ಡ್ ಕೊಡುತ್ತಾರೆ.

ಕಾರಿನಲ್ಲಿ ಇರಲೇಬೇಕಾದದ್ದು

ಥರ್ಡ್ ಪಾರ್ಟಿ ವಿಮೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಭಾರತದ ನೋ ಕ್ಲೈಮ್ ಬೋನಸ್ಸನ್ನು ಇಲ್ಲಿನ ಕಂಪನಿಗಳು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ, ಮೊದಲ ವರ್ಷದ ಕಂತು ಗಾಬರಿ ಹುಟ್ಟಿಸುತ್ತದೆ.

ಡಿಕ್ಕಿಯಲ್ಲಿ ಮೂರು ವಸ್ತು ಕಡ್ಡಾಯ: ಎಚ್ಚರಿಕೆಯ ತ್ರಿಕೋನ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹೊಳೆಯುವ ಜಾಕೆಟ್. ಕಾನೂನು ಒಂದು ಜಾಕೆಟ್ ಸಾಕು ಎನ್ನುತ್ತದೆ. ನೀವು ಸೀಟಿಗೊಂದು ಇಡಿ, ಅದೂ ಡಿಕ್ಕಿಯಲ್ಲಲ್ಲ, ಕೂತಲ್ಲಿಂದ ಕೈಗೆ ಸಿಗುವ ಕಡೆ. ಕತ್ತಲ ಹೆದ್ದಾರಿಯಲ್ಲಿ ಜಾಕೆಟ್ ತೆಗೆಯಲು ಕಾರಿನ ಹಿಂಭಾಗಕ್ಕೆ ನಡೆಯುವುದೇ ಅಪಾಯ.

ಮಗುವಿಗೆ 12 ವರ್ಷ ತುಂಬುವವರೆಗೆ ಅಥವಾ 150 ಸೆಂಟಿಮೀಟರ್ ಎತ್ತರವಾಗುವವರೆಗೆ ಅದರ ಅಳತೆಗೆ ತಕ್ಕ ಸೀಟು ಬೇಕು. ಊರಿಂದ ಬಂದ ಅಜ್ಜಿ "ಅಯ್ಯೋ, ಅಳ್ತಾ ಇದೆ ಮಗು, ಇಲ್ಲೇ ಪಕ್ಕದ ಅಂಗಡಿಗೆ ತಾನೆ, ತೊಡೆ ಮೇಲೆ ಕೂರಿಸ್ಕೋತೀನಿ ಕೊಡು" ಅನ್ನುತ್ತಾರೆ. ಇದೊಂದು ವಿಷಯದಲ್ಲಿ ಅತ್ತೆಯ ಮಾತನ್ನೂ ಮೀರಿ. ಅಂಗಡಿ ಪಕ್ಕದಲ್ಲಿದ್ದರೂ ಬ್ರೇಕಿನ ಹೊಡೆತ ಅಷ್ಟೇ ಇರುತ್ತದೆ.

ಸ್ಟುಟ್‌ಗಾರ್ಟ್, ಮ್ಯೂನಿಕ್, ಬರ್ಲಿನ್‌ನಂತಹ ನಗರಗಳ ಒಳಗೆ ಹೋಗಲು ಗಾಜಿನ ಮೇಲೆ ಕಾರಿನ ಹೊಗೆಯ ಮಟ್ಟ ತಿಳಿಸುವ ಹಸಿರು ಸ್ಟಿಕ್ಕರ್ ಇರಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಅದರ ಮೇಲೆ ಬರೆದ ನಂಬರು ನಿಮ್ಮ ಹೊಸ ನಂಬರ್ ಪ್ಲೇಟಿಗೆ ಹೊಂದುತ್ತದೆಯೇ ನೋಡಿ.

ಮೊದಲ ವಾರ: ಎಡಗಡೆ ಕೂತು ಬಲಗಡೆ ಓಡಿಸುವುದು

ಕ್ಲಚ್, ಬ್ರೇಕ್, ಆ್ಯಕ್ಸಿಲರೇಟರ್ ಇರುವ ಕ್ರಮ ಬದಲಾಗುವುದಿಲ್ಲ. ಗೇರ್ ಬಲಗೈಗೆ ಬರುತ್ತದೆ. ಮ್ಯಾನುಯಲ್ ಕಾರಿನಲ್ಲಿ ಮೊದಲ ದಿನ ಗೇರ್ ಹಾಕಲು ಹೋದ ಎಡಗೈ ಬಾಗಿಲಿಗೆ ಬಡಿಯುತ್ತದೆ. ಇಂಡಿಕೇಟರ್ ಕಡ್ಡಿ ಎಡಕ್ಕಿದೆ. ಮಾರುತಿ, ಹುಂಡೈ ಓಡಿಸಿದ ಕೈ ಬಲಗಡೆಯ ಕಡ್ಡಿ ಎಳೆಯುತ್ತದೆ. ಬಿರುಬಿಸಿಲಿನಲ್ಲಿ ಒಣಗಾಜಿನ ಮೇಲೆ ಕಿರ್ರೆಂದು ವೈಪರ್ ಆಡುತ್ತಾ ತಿರುವಿನಲ್ಲಿ ನಿಂತ ಕಾರು ಕಂಡರೆ ಒಳಗಿರುವುದು ನಮ್ಮವರೇ ಇರಬಹುದು.

ಇದು ನಗುವ ವಿಷಯವಾಯಿತು. ನಗಬಾರದ್ದು ಎರಡಿವೆ. ಒಂದು, ಎಡಗಡೆ ಕೂತಾಗ ಕಾರಿನ ಅಗಲದ ಅಂದಾಜು ತಪ್ಪುತ್ತದೆ. ನಿಮಗೆ ಗೊತ್ತಿಲ್ಲದೆ ಕಾರು ಬಲಕ್ಕೆ ಜರುಗಿ ನಿಂತ ಕಾರುಗಳ ಕನ್ನಡಿಗೆ, ಕರ್ಬ್ ಕಲ್ಲಿಗೆ ತಾಗುತ್ತದೆ. ಹೆಬ್ಬೆರಳ ನಿಯಮವೆಂದರೆ, ನೀವು ಕೂತ ಜಾಗ ಯಾವಾಗಲೂ ರಸ್ತೆಯ ನಡುಗೆರೆಯ ಪಕ್ಕದಲ್ಲಿರಬೇಕು. ಎರಡು, ತಪ್ಪು ಬದಿಗೆ ಹೋಗುವ ಗಳಿಗೆ ಬರುವುದು ದಟ್ಟಣೆಯಲ್ಲಲ್ಲ, ಖಾಲಿ ರಸ್ತೆಯಲ್ಲಿ. ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ, ಸೂಪರ್ ಮಾರ್ಕೆಟಿನ ಪಾರ್ಕಿಂಗ್ ದಾಟಿ ಎಡಕ್ಕೆ ತಿರುಗುವಾಗ ಎದುರಿಗೆ ಯಾರೂ ಇರುವುದಿಲ್ಲ, ಕೈ ಹಳೆಯ ಚಾಳಿಯಂತೆ ಎಡಬದಿಗೆ ಎಳೆಯುತ್ತದೆ. ಮೊದಲ ವಾರ ಪಕ್ಕದಲ್ಲಿ ಕೂತವರಿಗೆ ಹೇಳಿಡಿ, ಪ್ರತಿ ತಿರುವಿಗೂ "ಬಲ, ಬಲ" ಎನ್ನಲಿ.

ಯಾರ ಸರದಿ: ಇದನ್ನು ಎರಡು ಸಲ ಓದಿ

ಬೋರ್ಡೂ ಇಲ್ಲ, ಸಿಗ್ನಲ್ಲೂ ಇಲ್ಲ ಎಂಬಂಥ ಕೂಡುರಸ್ತೆಯಲ್ಲಿ ನಿಮ್ಮ ಬಲಗಡೆಯಿಂದ ಬರುವವನಿಗೆ ಮೊದಲ ಸರದಿ. ಅವನು ಬರುವ ಗಲ್ಲಿ ಎಷ್ಟೇ ಕಿರಿದಿರಲಿ, ನಿಮ್ಮ ರಸ್ತೆ ಎಷ್ಟೇ ಅಗಲವಿರಲಿ. ಬಂದದ್ದು ಸೈಕಲ್ ಆದರೂ ಸರಿಯೇ. ಊರಲ್ಲಿ ನಾವು ದೊಡ್ಡ ರಸ್ತೆ, ದೊಡ್ಡ ಗಾಡಿ ನೋಡಿ ದಾರಿ ಬಿಟ್ಟು ರೂಢಿ. ಇಲ್ಲಿ ಬಡಾವಣೆಯ 30 ಕಿ.ಮೀ. ವೇಗಮಿತಿಯ ವಲಯದೊಳಗೆ ಹೊಕ್ಕರೆ ಹೆಚ್ಚುಕಡಿಮೆ ಪ್ರತಿ ಮೂಲೆಯಲ್ಲೂ ಈ ಬಲಗಡೆಯ ನಿಯಮವೇ. ಬಲಗಡೆ ಗೋಡೆಯೋ ಗಿಡದ ಬೇಲಿಯೋ ಅಡ್ಡವಿದ್ದರೆ ಬಹುತೇಕ ನಿಲ್ಲುವಷ್ಟು ನಿಧಾನಿಸಿ ಇಣುಕಿ ನೋಡಿ. ಅಲ್ಲಿಂದ ಬರುವವನು ನಿಮ್ಮನ್ನು ಇಣುಕಿ ನೋಡುವುದಿಲ್ಲ.

ಈ ನಿಯಮಕ್ಕೆ ಹೊರತಾದವರೂ ಇದ್ದಾರೆ. ಮನೆಯ ಗೇಟಿನಿಂದ, ಪಾರ್ಕಿಂಗ್ ಜಾಗದಿಂದ, ಹೊಲದ ದಾರಿಯಿಂದ, ತಗ್ಗಿಸಿದ ಕರ್ಬ್ ಕಲ್ಲು ದಾಟಿ ಬರುವವರು ಬಲಗಡೆಯಿಂದ ಬಂದರೂ ಕಾಯಬೇಕು. ಆ ತಗ್ಗಿಸಿದ ಕಲ್ಲು ನೆಲದಲ್ಲಿ ಬಿದ್ದಿರುವ ಬೋರ್ಡಿನ ಹಾಗೆ, ನೋಡಲು ಕಲಿಯಿರಿ.

ಬೋರ್ಡ್ ಇದ್ದರೆ ಬೋರ್ಡಿನದೇ ಮಾತು. ಬಿಳಿ ಅಂಚಿನ ಹಳದಿ ಚೌಕ ಮೂಲೆಯ ಮೇಲೆ ನಿಂತಿದ್ದರೆ ನೀವು ಮುಖ್ಯರಸ್ತೆಯಲ್ಲಿದ್ದೀರಿ, ಅದೇ ಚೌಕದ ಮೇಲೆ ಗೀರು ಬರುವವರೆಗೆ ಸರದಿ ನಿಮ್ಮದೇ. ಕೆಂಪಂಚಿನ ತ್ರಿಕೋನದೊಳಗೆ ದಪ್ಪ ಬಾಣವಿದ್ದರೆ ಮುಂದಿನ ಒಂದು ಕೂಡುರಸ್ತೆಗೆ ಮಾತ್ರ ಸರದಿ. ತಲೆಕೆಳಗಾದ ತ್ರಿಕೋನ ಕಂಡರೆ ದಾರಿ ಬಿಡಿ. ಎಂಟು ಮೂಲೆಯ ಸ್ಟಾಪ್ ಫಲಕ ಕಂಡರೆ ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಮುಖ್ಯರಸ್ತೆಯೇ ತಿರುವು ತೆಗೆದುಕೊಳ್ಳುವುದೂ ಉಂಟು. ಆಗ ಚೌಕದ ಕೆಳಗೆ ಚಿಕ್ಕ ಫಲಕದಲ್ಲಿ ದಪ್ಪಗೆರೆ ಅದರ ದಾರಿ ತೋರಿಸುತ್ತದೆ. ನೀವು ದಪ್ಪಗೆರೆಯ ಜೊತೆ ತಿರುಗುತ್ತಿದ್ದರೂ ಇಂಡಿಕೇಟರ್ ಹಾಕಲೇಬೇಕು.

ರಾತ್ರಿ ಎಷ್ಟೋ ಸಿಗ್ನಲ್‌ಗಳನ್ನು ಆರಿಸಿಬಿಡುತ್ತಾರೆ. ಅದೇ ಕಂಬದ ಮೇಲಿನ ಬೋರ್ಡ್ ಆಗ ಜಾರಿಗೆ ಬರುತ್ತದೆ. ಹಗಲು ಸಿಗ್ನಲ್ ಉರಿಯುತ್ತಿದ್ದಾಗ ಆ ಬೋರ್ಡಿಗೆ ಬೆಲೆಯಿಲ್ಲ.

ನಮ್ಮ ಫ್ರೀ ಲೆಫ್ಟ್‌ನ ತದ್ರೂಪಾಗಿ ಇಲ್ಲಿ ಫ್ರೀ ರೈಟ್ ಇರಬಹುದೆಂದು ಊಹಿಸಬೇಡಿ. ಕೆಂಪು ಎಂದರೆ ಕೆಂಪು. ಸಿಗ್ನಲ್ ಪಕ್ಕ ಕಪ್ಪು ತಗಡಿನ ಮೇಲೆ ಹಸಿರು ಬಾಣ ಬರೆದಿದ್ದರೆ ಮಾತ್ರ, ಅದೂ ಗೆರೆಯ ಬಳಿ ಪೂರ್ತಿ ನಿಂತು ನೋಡಿ ಆಮೇಲೆ ಬಲಕ್ಕೆ ಹೋಗಬಹುದು. ಕೆಂಪಾಗಿ ಒಂದು ಸೆಕೆಂಡ್ ಕಳೆದ ಮೇಲೆ ನುಗ್ಗಿದರೆ ಕನಿಷ್ಠ 200 ಯೂರೋ, ಎರಡು ಪಾಯಿಂಟ್, ಒಂದು ತಿಂಗಳು ಲೈಸೆನ್ಸ್ ಅವರ ಕೈಯಲ್ಲಿ.

ಈ ಪಾಯಿಂಟ್‌ಗಳು ಡೆನ್ಮಾರ್ಕ್ ಗಡಿಯ ಫ್ಲೆನ್ಸ್‌ಬುರ್ಗ್ ಎಂಬ ಊರಿನ ಕಚೇರಿಯಲ್ಲಿ ನಿಮ್ಮ ಹೆಸರಿನಲ್ಲಿ ಜಮೆಯಾಗುತ್ತವೆ. ಎಂಟು ಸೇರಿದರೆ ಲೈಸೆನ್ಸ್ ಹೋಗುತ್ತದೆ. ಮೊಬೈಲ್ ಕೈಯಲ್ಲಿ ಹಿಡಿದರೆ 100 ಯೂರೋ, ಒಂದು ಪಾಯಿಂಟ್. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗಿ ಆಫ್ ಆಗಿತ್ತು ಎಂಬ ನೆಪವೂ ನಡೆಯುವುದಿಲ್ಲ.

ಇನ್ನು ಡಿಪ್ಪರ್ ವಿಚಾರ. ಊರಲ್ಲಿ ಎದುರಿನವನು ಲೈಟ್ ಮಿನುಗಿಸಿದರೆ "ನಾನು ಬರ್ತಾ ಇದ್ದೀನಿ, ನೀನು ನಿಲ್ಲು" ಅಂತ. ಇಲ್ಲಿ ಊರೊಳಗೆ ಯಾರಾದರೂ ಮಿನುಗಿಸಿದರೆ ಬಹುಮಟ್ಟಿಗೆ "ನೀವು ಹೋಗಿ" ಅಂತ. ನೀವು ನಮ್ಮ ರೂಢಿಯಲ್ಲಿ ಡಿಪ್ಪರ್ ಹೊಡೆದರೆ ಎದುರಿನ ಕಾರು ಧನ್ಯವಾದವೆಂದು ಕೈಯೆತ್ತಿ ನಿಮ್ಮ ಮೂತಿಗೇ ತಿರುಗುತ್ತದೆ. ಕಾನೂನಿನಲ್ಲಿ ಲೈಟ್ ಮಿನುಗಿಸುವುದು ಅಪಾಯದ ಎಚ್ಚರಿಕೆಗೆ, ಊರ ಹೊರಗೆ ಓವರ್‌ಟೇಕ್ ತಿಳಿಸುವುದಕ್ಕೆ ಮಾತ್ರ ಇರುವುದು. ಹಾರ್ನಿಗೂ ಇದೇ ನಿಯಮ. ಆದ್ದರಿಂದ ನೀವು ಹೊಡೆಯಬೇಡಿ, ಬೇರೆಯವರು ಹೊಡೆದರೂ ಅದನ್ನೇ ನಂಬಿ ನುಗ್ಗಬೇಡಿ.

ನಾಲ್ಕೂ ಕಡೆಯಿಂದ ನಾಲ್ಕು ಕಾರು ಒಟ್ಟಿಗೆ ಬಂದು ನಿಂತರೆ? ಪ್ರತಿಯೊಬ್ಬನಿಗೂ ಬಲಗಡೆ ಒಬ್ಬ ಇರುತ್ತಾನೆ, ನಿಯಮವೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಒಬ್ಬ ಕೈಸನ್ನೆ ಮಾಡಿ ತನ್ನ ಸರದಿ ಬಿಟ್ಟುಕೊಡಬೇಕು, ಇನ್ನೊಬ್ಬ ಅದನ್ನು ಒಪ್ಪಿದ್ದು ಖಚಿತವಾಗಬೇಕು. ಕಣ್ಣು ನೋಡಿ ಒಪ್ಪಂದ ಮಾಡಿಕೊಳ್ಳುವ ನಮ್ಮ ವಿದ್ಯೆ ಉಪಯೋಗಕ್ಕೆ ಬರುವ ಅಪರೂಪದ ಜಾಗ ಇದು.

ರೌಂಡ್‌ಅಬೌಟಿನಲ್ಲಿ ಒಳಗೆ ಸುತ್ತುತ್ತಿರುವವರಿಗೆ ಸರದಿ. ಒಳಹೋಗುವಾಗ ಇಂಡಿಕೇಟರ್ ಬೇಡ, ಹೊರಬರುವಾಗ ಬೇಕೇಬೇಕು.

ಊರೊಳಗೆ

ಊರಿನ ಹೆಸರು ಬರೆದ ಹಳದಿ ಫಲಕವೇ ವೇಗದ ಫಲಕ. ಅದನ್ನು ದಾಟಿದ ಕ್ಷಣದಿಂದ 50 ಕಿ.ಮೀ., ಬೇರೆ ಬೋರ್ಡ್ ಬೇಕಿಲ್ಲ. ಹೆಸರಿನ ಮೇಲೆ ಗೀರು ಹೊಡೆದ ಫಲಕ ದಾಟಿದರೆ ಸಾಮಾನ್ಯ ರಸ್ತೆಯಲ್ಲಿ 100. ಫಲಕ ದಾಟಿದ ಮೇಲೆ ನಿಧಾನಿಸೋಣ ಎನ್ನುವವರಿಗಾಗಿ ಕ್ಯಾಮೆರಾಗಳಿವೆ. ಹದಿನೈದಿಪ್ಪತ್ತು ದಿನ ಕಳೆದು, ಮರೆತೇಹೋದ ಮೇಲೆ, ನಿಮ್ಮ ಮುಖದ ಫೋಟೊ ಸಮೇತ ಕಾಗದ ಮನೆಗೆ ಬರುತ್ತದೆ. ಊರೊಳಗೆ ಮಿತಿಗಿಂತ 21 ಕಿ.ಮೀ. ಹೆಚ್ಚಿದ್ದರೆ 115 ಯೂರೋ ಜೊತೆಗೆ ಒಂದು ಪಾಯಿಂಟ್. ಕ್ಯಾಮೆರಾ ಎಲ್ಲಿದೆ ಎಂದು ಹೇಳುವ ಆ್ಯಪ್ ಓಡಿಸುವಾಗ ಬಳಸುವುದೂ ಅಪರಾಧ.

ಜೀಬ್ರಾ ಪಟ್ಟಿಯ ಬಳಿ ಯಾರಾದರೂ ದಾಟುವ ಹಾಗೆ ಬಂದರೆ ಸಾಕು, ನಿಲ್ಲಲೇಬೇಕು. ಪಾದಚಾರಿ ಇಲ್ಲಿ ಕೈ ಅಡ್ಡ ಹಿಡಿದು ಓಡುವುದಿಲ್ಲ, ನೋಡದೆಯೇ ಕಾಲಿಡುತ್ತಾನೆ. ಇನ್ನೊಂದನ್ನು ನಮ್ಮವರು ಗಮನಿಸುವುದೇ ಇಲ್ಲ: ನೀವು ಅಡ್ಡರಸ್ತೆಗೆ ತಿರುಗುವಾಗ ಆ ರಸ್ತೆಯನ್ನು ದಾಟುತ್ತಿರುವವರಿಗೆ ಪಟ್ಟಿ ಇಲ್ಲದಿದ್ದರೂ ಮೊದಲ ಸರದಿ. ನಿಮಗೆ ಹಸಿರು ಬಿದ್ದಾಗ ಅವರಿಗೂ ಹಸಿರೇ ಇರುತ್ತದೆ. ಬಲಕ್ಕೆ ತಿರುಗುವಾಗ ನಿಮ್ಮ ಬಲಬದಿಯಲ್ಲಿ ನೇರ ಹೋಗುವ ಸೈಕಲ್ಲಿಗೂ ಇದೇ ಹಕ್ಕು. ಆ ಸೈಕಲ್ ಕನ್ನಡಿಯಲ್ಲಿ ಕಾಣುವುದಿಲ್ಲ, ಕತ್ತು ತಿರುಗಿಸಿದರೆ ಮಾತ್ರ ಕಾಣುತ್ತದೆ. ಪರೀಕ್ಷಕರು ಅಷ್ಟು ಹಟ ಹಿಡಿಯುವುದು ಇದಕ್ಕೇ. ಸೈಕಲ್ಲನ್ನು ಓವರ್‌ಟೇಕ್ ಮಾಡಲು ಊರೊಳಗೆ ಒಂದೂವರೆ ಮೀಟರ್, ಹೊರಗೆ ಎರಡು ಮೀಟರ್ ಅಂತರ ಬೇಕು. ಜಾಗವಿಲ್ಲದಿದ್ದರೆ ಹಿಂದೆಯೇ ಹೋಗಿ.

ಸ್ಟಾಪಿಗೆ ಬರುತ್ತಿರುವ ಬಸ್ಸು ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಿದ್ದರೆ ದಾಟಬಾರದು. ನಿಂತು ಮಿನುಗಿಸುತ್ತಿದ್ದರೆ ನಡಿಗೆಯ ವೇಗದಲ್ಲಿ ಹೋಗಬಹುದು, ಎದುರುಬದಿಯಿಂದ ಬರುವವರಿಗೂ ಇದೇ. ನೀಲಿ ಫಲಕದಲ್ಲಿ ಮನೆ, ಚೆಂಡಾಡುವ ಮಗು ಕಂಡರೆ ಆ ಬೀದಿ ಪೂರಾ ನಡಿಗೆಯ ವೇಗ.

ಪಾರ್ಕಿಂಗ್‌ನಲ್ಲಿ ದುಡ್ಡು ಕಳೆಯುವುದು ನೀಲಿ ಪಾರ್ಕಿಂಗ್ ತಟ್ಟೆಯ ವಿಷಯಕ್ಕೆ. ಎಷ್ಟೋ ಉಚಿತ ಜಾಗಗಳಲ್ಲೂ ಬಂದ ಹೊತ್ತು ತೋರಿಸುವ ಈ ತಟ್ಟೆಯನ್ನು ಗಾಜಿನ ಒಳಗೆ ಇಡಬೇಕು. ಮುಳ್ಳನ್ನು ಮುಂದಿನ ಅರ್ಧ ಗಂಟೆಗೆ ತಿರುಗಿಸುತ್ತಾರೆ: 10.05ಕ್ಕೆ ಬಂದರೆ 10.30. ರಸ್ತೆಬದಿಯಲ್ಲಿ ನೀವು ಹೋಗುವ ದಿಕ್ಕಿಗೇ, ಬಲಬದಿಯಲ್ಲೇ ನಿಲ್ಲಿಸಬೇಕು. ಏಕಮುಖ ರಸ್ತೆಯಲ್ಲಿ ಮಾತ್ರ ಎಡಬದಿಗೂ ನಿಲ್ಲಿಸಬಹುದು. ಮೂಲೆಯಿಂದ ಐದು ಮೀಟರ್ ಬಿಡಿ.

ಔಟೋಬಾನ್

ಜರ್ಮನಿಯ ಈ ಹೆದ್ದಾರಿಗಳಲ್ಲಿ ಮಿತಿಯಿಲ್ಲದ ವೇಗ ಎಂದು ಊರಲ್ಲಿ ಕತೆ ಕೇಳಿರುತ್ತೀರಿ. ಮಿತಿ ಇಲ್ಲದ ಉದ್ದನೆಯ ತುಂಡುಗಳು ಇವೆ, ನಗರಗಳ ಸುತ್ತ ಮತ್ತು ಕಾಮಗಾರಿಯ ಕಡೆ ಇಲ್ಲ. ಮಿತಿ ಇಲ್ಲದ ಕಡೆಯೂ 130 ಸೂಚಿತ ವೇಗ. ಅದನ್ನು ಮೀರಿದ್ದಾಗ ಅಪಘಾತವಾದರೆ ತಪ್ಪು ನಿಮ್ಮದಲ್ಲದಿದ್ದರೂ ನಷ್ಟದ ಒಂದು ಪಾಲು ನಿಮ್ಮ ತಲೆಗೆ ಬರಬಹುದು.

ಒಳಗೆ ಸೇರುವ ಲೇನಿನಲ್ಲಿ ಅಂಜಿ ನಿಧಾನಿಸುವುದು ದೊಡ್ಡ ತಪ್ಪು. ಆ ಲೇನ್ ಇರುವುದೇ ವೇಗ ಹಿಡಿಯಲು. ಎಡ ಇಂಡಿಕೇಟರ್, ಕನ್ನಡಿ, ಹೆಗಲ ಮೇಲಿನ ನೋಟ, ಲಾರಿಗಳ ವೇಗ ಮುಟ್ಟಿ ಸೇರಿಕೊಳ್ಳಿ. ಸರದಿ ಮಾತ್ರ ಹೆದ್ದಾರಿಯಲ್ಲಿ ಇರುವವರದ್ದು.

ಆಮೇಲೆ ಬಲ ಲೇನಿನಲ್ಲಿರಿ. ಎಡಲೇನ್ ಓವರ್‌ಟೇಕಿಗೆ ಮಾತ್ರ, ಮುಗಿದ ಮೇಲೆ ವಾಪಸ್. ನಮ್ಮ ಮೈಸೂರು ಹೈವೇಯಲ್ಲಿ ವೇಗದ ಲೇನಿನಲ್ಲಿ 60ರಲ್ಲಿ ಕೂತು ಹಾಡು ಕೇಳುವವರನ್ನು ಪಕ್ಕದಿಂದ ದಾಟಿ ಹೋಗುತ್ತೇವಲ್ಲ, ಇಲ್ಲಿ ಹಾಗೆ ಬಲದಿಂದ ಓವರ್‌ಟೇಕ್ ಮಾಡಿದರೆ 100 ಯೂರೋ, ಒಂದು ಪಾಯಿಂಟ್. ಹಿಂದಿನಿಂದ ಬರುವವನು ಬಲದಿಂದ ನುಸುಳುವುದಿಲ್ಲ ಎಂಬ ನಂಬಿಕೆಯ ಮೇಲೇ ಈ ರಸ್ತೆ ನಿಂತಿದೆ.

ಎಡಲೇನಿಗೆ ಹೋಗುವ ಮುಂಚಿನ ಲೆಕ್ಕ ಹೀಗಿದೆ. ನೀವು 130ರಲ್ಲಿದ್ದೀರಿ, ಕನ್ನಡಿಯಲ್ಲಿ 200 ಮೀಟರ್ ದೂರದಲ್ಲಿ ಎರಡು ಸಣ್ಣ ದೀಪ. ಅವನು 200ರಲ್ಲಿ ಬರುತ್ತಿದ್ದರೆ ಹತ್ತೇ ಸೆಕೆಂಡಿನಲ್ಲಿ ನಿಮ್ಮ ಬಂಪರಿನಲ್ಲಿರುತ್ತಾನೆ. ಮುಂದಿನ ಲಾರಿಯನ್ನು ದಾಟಲು ನಿಮಗೆ ಅಷ್ಟು ಹೊತ್ತು ಸಾಲದು. ಒಮ್ಮೆ ನೋಡಿ, ಎರಡು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ದೀಪ ದೊಡ್ಡದಾಗಿದ್ದರೆ ಅವನು ಹೋಗಲಿ.

ಮುಂದಿನ ಕಾರಿನಿಂದ ಬಿಡಬೇಕಾದ ಅಂತರ ಸ್ಪೀಡೋಮೀಟರಿನ ಅರ್ಧ: 100ರಲ್ಲಿ 50 ಮೀಟರ್. ರಸ್ತೆಬದಿಯ ಕಪ್ಪುಬಿಳುಪು ಗೂಟಗಳು 50 ಮೀಟರಿಗೊಂದು ಇರುತ್ತವೆ, ಅಳತೆಗೆ ಅವೇ ಸಾಕು. ನಡುವೆ ಯಾರೋ ಬಂದು ತೂರಿಕೊಂಡರೆ ಮತ್ತೆ ಹಿಂದೆ ಸರಿಯಿರಿ. ಕೋಪಕ್ಕೆ ಬೆರಳು ತೋರಿಸುವುದು, ಹಣೆ ತಟ್ಟಿ ತಲೆ ಕೆಟ್ಟಿದೆಯಾ ಎನ್ನುವುದು ಇಲ್ಲಿ ಅವಮಾನದ ಅಪರಾಧ, ನಂಬರ್ ಬರೆದುಕೊಂಡು ದೂರು ಕೊಡುತ್ತಾರೆ.

ಲೇನ್ ಮುಚ್ಚಿದ್ದಾಗ ಅರ್ಧ ಕಿಲೋಮೀಟರ್ ಮುಂಚೆಯೇ ಪಕ್ಕಕ್ಕೆ ಸರಿದು ಸಾಲು ನಿಲ್ಲುವುದು ಸಭ್ಯತೆ ಎನಿಸಬಹುದು. ಇಲ್ಲಿ ನಿಯಮ ಬೇರೆ: ಲೇನಿನ ಕೊನೆಯವರೆಗೂ ಹೋಗಿ, ಅಲ್ಲಿ ಜಿಪ್ ಹಾಕಿದ ಹಾಗೆ ಆ ಲೇನಿನಿಂದ ಒಂದು, ಈ ಲೇನಿನಿಂದ ಒಂದು. ಕಾಮಗಾರಿಯ ಜಾಗದಲ್ಲಿ ಎಡಲೇನಿಗೆ 2.1 ಮೀಟರ್ ಎಂಬ ಅಗಲದ ಮಿತಿ ಹಾಕಿರುತ್ತಾರೆ. ಅದು ಕನ್ನಡಿಗಳೂ ಸೇರಿದ ಅಳತೆ. ನೋಂದಣಿ ಕಾಗದದಲ್ಲಿರುವುದು ಕನ್ನಡಿ ಬಿಟ್ಟ ಅಗಲ, ಮೋಸಹೋಗಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆಂಬುಲೆನ್ಸ್ ದಾರಿ, ರೆಟುಂಗ್ಸ್‌ಗಾಸೆ. ವಾಹನಗಳು ನಿಂತಾಗ ಅಥವಾ ತೆವಳತೊಡಗಿದಾಗಲೇ ಅತ್ಯಂತ ಎಡ ಲೇನಿನವರು ಎಡಕ್ಕೆ, ಉಳಿದ ಎಲ್ಲ ಲೇನಿನವರು ಬಲಕ್ಕೆ ಸರಿದು ನಡುವೆ ದಾರಿ ಬಿಡಬೇಕು. ಸೈರನ್ ಕೇಳಿದ ಮೇಲಲ್ಲ, ಕೇಳುವ ಮುಂಚೆ. ಎಲ್ಲ ನಿಂತುಬಿಟ್ಟ ಮೇಲೆ ಅಲುಗಾಡಲು ಜಾಗವೇ ಇರುವುದಿಲ್ಲ. ಒಂದು ಆಂಬುಲೆನ್ಸ್ ಹೋದ ಮೇಲೆ ದಾರಿ ಮುಚ್ಚಬೇಡಿ, ಹಿಂದೆ ಅಗ್ನಿಶಾಮಕ, ಪೊಲೀಸ್, ಕ್ರೇನ್ ಬರುತ್ತಿರುತ್ತವೆ. ದಾರಿ ಬಿಡದಿದ್ದರೆ 200 ಯೂರೋ, ಎರಡು ಪಾಯಿಂಟ್, ಒಂದು ತಿಂಗಳ ನಿಷೇಧ. ಆಂಬುಲೆನ್ಸ್ ಹಿಂದೆಯೇ ಅಂಟಿಕೊಂಡು ಜಾಮ್ ದಾಟುವ ಊರಿನ ಜಾಣತನವನ್ನು ಯಾರೂ ತೋರಿಸದಿರಲಿ.

ಗಾಡಿ ಕೆಟ್ಟರೆ ಪಕ್ಕದ ತುರ್ತು ಪಟ್ಟಿಗೆ ತನ್ನಿ, ನಾಲ್ಕೂ ಇಂಡಿಕೇಟರ್ ಹಾಕಿ, ಜಾಕೆಟ್ ತೊಟ್ಟು, ಬಲಬದಿಯ ಬಾಗಿಲಿನಿಂದ ಇಳಿದು ಎಲ್ಲರೂ ತಡೆಬೇಲಿಯ ಆಚೆಗೆ ಹೋಗಿ. ಬೇಲಿಯಾಚೆಯೇ ಹಿಂದಕ್ಕೆ ನಡೆದು 150 ಮೀಟರ್ ಹೊತ್ತಿಗೆ ತ್ರಿಕೋನ ಇಡಿ. ಮೊಬೈಲ್ ಸತ್ತಿದ್ದರೆ ಗೂಟಗಳ ಮೇಲಿನ ಪುಟ್ಟ ಬಾಣ ಹತ್ತಿರದ ಕಿತ್ತಳೆ ಬಣ್ಣದ ತುರ್ತು ಫೋನಿನ ದಿಕ್ಕು ತೋರಿಸುತ್ತದೆ. ಪೆಟ್ರೋಲ್ ಮುಗಿದು ನಿಂತರೆ ಅದನ್ನು ಕೆಟ್ಟದ್ದೆಂದು ಒಪ್ಪುವುದಿಲ್ಲ, ದಂಡ ಬೀಳುತ್ತದೆ.

ಚಳಿಗಾಲ

ತಾರೀಖು ಕಟ್ಟಿದ ನಿಯಮವಿಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದರೆ ಚಳಿಗಾಲದ ಟಯರ್ ಇರಬೇಕು. ಇಲ್ಲಿಯವರು ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಎಂದು ಲೆಕ್ಕ ಇಟ್ಟಿದ್ದಾರೆ. 2024ರ ಅಕ್ಟೋಬರ್‌ನಿಂದ ಮೂರು ಶಿಖರದ ಪರ್ವತದೊಳಗೆ ಹಿಮದ ಹಳುಕು ಇರುವ ಗುರುತಿನ ಟಯರ್ ಮಾತ್ರ ನಡೆಯುತ್ತದೆ. ಬರೀ ಎಂ ಪ್ಲಸ್ ಎಸ್ ಎಂದು ಬರೆದ ಹಳೆ ಟಯರನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ.

ಬೆಳಿಗ್ಗೆ ಗಾಜಿನ ಮೇಲಿನ ಗಡ್ಡೆಯನ್ನು ಪೂರ್ತಿ ಕೆರೆದು ಹೊರಡಿ, ಇಣುಕುವಷ್ಟು ಕಿಂಡಿ ಸಾಲದು. ಬಿಸಿನೀರು ಸುರಿದರೆ ಗಾಜು ಸೀಳುತ್ತದೆ. ಎಂಜಿನ್ ಹಾಕಿಟ್ಟು ಬಿಸಿ ಮಾಡುವುದಕ್ಕೂ ದಂಡವಿದೆ. ಸೇತುವೆಯ ಮೇಲೆ, ಕಾಡಿನ ನೆರಳಿನಲ್ಲಿ ರಸ್ತೆ ಒದ್ದೆಯಂತೆ ಕಂಡರೂ ಅದು ಗಡ್ಡೆಯಾಗಿರಬಹುದು. ಮಂಜಿನಲ್ಲಿ 50 ಮೀಟರ್ ಆಚೆ ಕಾಣದಿದ್ದರೆ ಗರಿಷ್ಠ ವೇಗವೂ 50. ಹಿಂದಿನ ಕೆಂಪು ಮಂಜುದೀಪ ಹಾಕಬೇಕಾದದ್ದು ಆಗ ಮಾತ್ರ.

ಮುಸ್ಸಂಜೆ, ನಸುಕಿನಲ್ಲಿ ಕಾಡಿನ ರಸ್ತೆಗೆ ಜಿಂಕೆ, ಹಂದಿ ನುಗ್ಗುತ್ತವೆ. ಹೈ ಬೀಮ್ ತಗ್ಗಿಸಿ, ಹಾರ್ನ್ ಮಾಡಿ, ಬ್ರೇಕ್ ಹಾಕಿ, ಸ್ಟೀರಿಂಗ್ ಎಳೆಯಬೇಡಿ. ಜಿಂಕೆಗಿಂತ ಮರ ಗಟ್ಟಿ. ಬಡಿದರೆ 110ಕ್ಕೆ, ಅಂದರೆ ಪೊಲೀಸರಿಗೆ, ಫೋನ್ ಮಾಡಿ, ಪ್ರಾಣಿಯನ್ನು ಮುಟ್ಟಬೇಡಿ, ವಿಮೆಗೆ ಬೇಕಾದ ಚೀಟಿ ಅವರೇ ಕೊಡುತ್ತಾರೆ.

ತಾಗಿಸಿದರೆ, ತಾಗಿಸಿಕೊಂಡರೆ

ಪಾರ್ಕಿಂಗ್‌ನಲ್ಲಿ ಬೇರೆಯವರ ಕಾರಿಗೆ ಗೀರು ಬಿದ್ದಿತು, ಮಾಲೀಕ ಇಲ್ಲ. ವೈಪರ್ ಕೆಳಗೆ ಫೋನ್ ನಂಬರ್ ಚೀಟಿ ಇಟ್ಟು ಹೋದರೆ ಪ್ರಾಮಾಣಿಕ ಎನಿಸಿಕೊಳ್ಳುವುದಿಲ್ಲ, ಓಡಿಹೋದವ ಎನಿಸಿಕೊಳ್ಳುತ್ತೀರಿ. ಸ್ವಲ್ಪ ಹೊತ್ತು ಕಾಯಿರಿ, ಯಾರೂ ಬರದಿದ್ದರೆ ಪೊಲೀಸರಿಗೆ ತಿಳಿಸಿ. ವಿಮೆ ಕೊಡುವ ದುಡ್ಡಿಗಾಗಿ ಲೈಸೆನ್ಸ್ ಕಳೆದುಕೊಂಡವರು ಇದ್ದಾರೆ.

ಗಾಯವಾಗಿದ್ದರೆ 112. ನಿಲ್ಲಿಸಿ ಸಹಾಯ ಮಾಡದೆ ಹೋಗುವುದೇ ಅಪರಾಧ. ಯಾಕೆ ಬೇಕು ಪೊಲೀಸ್ ಸಹವಾಸ ಎಂದು ದಾಟಿ ಹೋಗುವಂತಿಲ್ಲ, ಕನಿಷ್ಠ ಫೋನ್ ಆದರೂ ಮಾಡಬೇಕು. ಸಣ್ಣ ಡಿಕ್ಕಿಯಾದರೆ ಗಾಡಿಗಳು ನಿಂತ ರೀತಿಯ ಫೋಟೊ ತೆಗೆದು ದಾರಿಯಿಂದ ಪಕ್ಕಕ್ಕೆ ಸರಿಸಿ. ಎರಡೂ ಕಡೆಯವರು ತುಂಬುವ ಯುರೋಪಿನ ಅಪಘಾತ ವರದಿ ನಮೂನೆ ಒಂದನ್ನು ಕಾರಿನಲ್ಲೇ ಇಟ್ಟಿರಿ. ಏನು ನಡೆಯಿತು ಎಂಬುದಕ್ಕೆ ಸಹಿ ಹಾಕಿ, ತಪ್ಪು ನನ್ನದು ಎಂದು ಬರೆದ ಕಾಗದಕ್ಕೆ ಹಾಕಬೇಡಿ. "ಸಾರಿ ಸಾರಿ" ಎನ್ನುವ ನಮ್ಮ ಬಾಯಿಚಪಲವನ್ನೂ ಸ್ವಲ್ಪ ತಡೆಹಿಡಿಯಿರಿ, ತಪ್ಪು ಯಾರದೆಂದು ವಿಮೆಯವರು ನೋಡಿಕೊಳ್ಳುತ್ತಾರೆ.

ಬಿಯರ್ ತೋಟದಿಂದ ಹೊರಟಾಗ ಮಿತಿ 0.5 ಪ್ರೊಮಿಲೆ, ಅಂದರೆ ರಕ್ತದಲ್ಲಿ ಸಾವಿರಕ್ಕೆ ಅರ್ಧ ಪಾಲು ಮದ್ಯ. 21 ತುಂಬದವರಿಗೆ, ಹೊಸ ಲೈಸೆನ್ಸಿನ ಎರಡು ವರ್ಷದ ಪರೀಕ್ಷಾ ಅವಧಿಯಲ್ಲಿರುವವರಿಗೆ ಸೊನ್ನೆ. ತಪ್ಪಾಗಿ ಓಡಿಸಿದರೆ 0.3ರಲ್ಲೂ ಹಿಡಿಯಬಹುದು. ರಾತ್ರಿ ಹನ್ನೆರಡಕ್ಕೆ ಮುಗಿಸಿದ್ದು ಬೆಳಿಗ್ಗೆ ಆರಕ್ಕೆ ಇಳಿದಿರಲೇಬೇಕೆಂದಿಲ್ಲ.

ಗಡಿ ದಾಟುವವರಿಗೆ

ಜರ್ಮನಿಯ ಔಟೋಬಾನ್‌ನಲ್ಲಿ ಕಾರಿಗೆ ಟೋಲ್ ಇಲ್ಲ. ಅದೇ ಗುಂಗಿನಲ್ಲಿ ಮ್ಯೂನಿಕ್‌ನಿಂದ ಸಾಲ್ಜ್‌ಬುರ್ಗ್ ದಾಟಿ ಮುಂದೆ ಹೋದರೆ ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಎಂಬ ಮುಂಗಡ ಟೋಲ್ ಪಾಸ್ ಬೇಕು, ಗಡಿಯ ಮುಂಚಿನ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ. ಇಟಲಿಗೆ ಹೋಗುವ ಬ್ರೆನ್ನರ್ ದಾರಿಗೆ ಅದರ ಮೇಲೆ ಬೇರೆ ಟೋಲ್. ಸ್ವಿಟ್ಜರ್ಲೆಂಡಿನಲ್ಲಿ ಒಂದು ದಿನಕ್ಕೆ ಹೋದರೂ ಇಡೀ ವರ್ಷದ್ದನ್ನೇ ಕೊಳ್ಳಬೇಕು, 40 ಫ್ರಾಂಕ್. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಹವೆಯಿದ್ದರೆ ಅದಕ್ಕೆ ತಕ್ಕ ಟಯರ್ ಕಡ್ಡಾಯ. ಆರು ತಿಂಗಳ ಗಡುವಿನಲ್ಲಿ ಇನ್ನೂ ಭಾರತದ ಲೈಸೆನ್ಸಿನಲ್ಲೇ ಇರುವವರು ಪಕ್ಕದ ದೇಶಕ್ಕೆ ಹೋಗುವ ಮುಂಚೆ ಆ ದೇಶ ಅದನ್ನು ಒಪ್ಪುತ್ತದೆಯೇ, ಬಾಡಿಗೆ ಕಾರಿನ ಕರಾರಿನಲ್ಲಿ ಗಡಿ ದಾಟಲು ಅನುಮತಿ ಇದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ.